ಹಗುರ ಕೈ

ಶುಕ್ರವಾರ ಮಧ್ಯಾಹ್ನ ಇಳಿಯುವ ಹೊತ್ತಿಗೆ ಡಾಕ್ಟರ್ ಕೋರಿನ್ ಬಸಿಲೋನ್‌ಗೆ ಕೈಯೆತ್ತಿ ಕೂದಲು ಕಟ್ಟಿಕೊಳ್ಳುವುದೂ ಬೇಡವೆನ್ನಿಸುವಷ್ಟು ಸುಸ್ತಾಗಿತ್ತು. ಬೆಳಗಿನಿಂದ ಹಲ್ಲು ಕಿತ್ತದ್ದೇ ಕಿತ್ತದ್ದು. ಕಲ್ಲಿದ್ದಲು ಗಣಿಗಳ ಗುಡ್ಡನಾಡಿನ ಲೋಗನ್ ಊರಿನ ಆ ಕ್ಲಿನಿಕ್ಕಿಗೆ ಒಂದು ಪಕ್ಕ ಅಗ್ಗದ ಸಾಮಾನಿನ ಅಂಗಡಿ, ಇನ್ನೊಂದು ಪಕ್ಕ ಬಟ್ಟೆ ಒಗೆಯುವ ಅಂಗಡಿ. ನಡುವೆ ಕೂತು ಅವಳು ಮಾಡುತ್ತಿದ್ದದ್ದು ಎರಡೇ ಕೆಲಸ: ಇರುವ ಹಲ್ಲು ಕೀಳುವುದು, ಕಿತ್ತ ಜಾಗದಲ್ಲಿ ಹಲ್ಲುಸೆಟ್ಟು ಕೂರಿಸುವುದು. ಕ್ಲಿನಿಕ್ಕು ನಡೆಸುವ ಕಂಪನಿಯವರಿಗೆ ಬೇಕಾದದ್ದೂ ಅಷ್ಟೇ. ಒಂದು ಒಸಡು ಉಳಿಸಲು ಹಿಡಿಯುವ ಹೊತ್ತಿನಲ್ಲಿ ಒಂದು ಬಾಯಿಯನ್ನೇ ಖಾಲಿ ಮಾಡಬಹುದು, ಮತ್ತೆ ಒಸಡಿನ ಉಸಾಬರಿ ಯಾರಿಗೆ ಬೇಕು?

ಕೋರಿನ್‌ಗೆ ಬೇಕಿತ್ತು. ಒಸಡಿನ ವಿಶೇಷ ವ್ಯಾಸಂಗಕ್ಕೆ ಅವಳು ಅರ್ಜಿ ಹಾಕಿದ್ದು ಇದು ಮೂರನೆಯ ಸಲ. ಮೊದಲ ಸಲ ಯಾರೂ ಕರೆಯಲಿಲ್ಲ. ಎರಡನೆಯ ಸಲ ಒಂದು ಕಾಲೇಜಿನವರು ಕರೆದು, ಊಟ ಹಾಕಿ, ಬೆನ್ನು ತಟ್ಟಿ ವಾಪಸ್ಸು ಕಳಿಸಿದರು. ಈ ಸಲವೂ ಕರೆದದ್ದು ಒಂದೇ ಕಾಲೇಜು, ಪಕ್ಕದ ರಾಜ್ಯದ್ದು. ಸೋಮವಾರ ಸಂದರ್ಶನ. ಇದೂ ಕೈಕೊಟ್ಟರೆ ಇನ್ನು ಆ ಕಡೆ ತಲೆಹಾಕುವುದಿಲ್ಲವೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ನಲವತ್ತರ ಹೊಸ್ತಿಲಲ್ಲಿ ನಿಂತವಳು ಈಗಷ್ಟೇ ಓದು ಮುಗಿಸಿದ ಹುಡುಗರ ಸಾಲಿನಲ್ಲಿ ನಿಂತು ನನ್ನನ್ನೂ ತಗೊಳ್ಳಿ ಅನ್ನುವುದಕ್ಕೂ ಒಂದು ಮಿತಿ ಇದೆ.

ಅವಳ ಅಜ್ಜಿ ಅಸುಂತಾಗೆ ಮದುವೆಯ ಹಿಂದಿನ ತಿಂಗಳು ಅಪ್ಪ ಕೊಟ್ಟ ಉಡುಗೊರೆ ಹಲ್ಲುಸೆಟ್ಟು. ಆ ಗಣಿ ಕಾಲೋನಿಗಳಲ್ಲಿ ಆಗ ಅದೇ ಪದ್ಧತಿ. ಹೇಗೂ ಮುಂದೆ ಹಾಳಾಗುವ ಹಲ್ಲು, ಆ ಖರ್ಚು ಗಂಡನ ತಲೆಗೆ ಯಾಕೆ ಕಟ್ಟಬೇಕು ಎಂದು ಗಟ್ಟಿ ಹಲ್ಲುಗಳನ್ನೂ ಸೇರಿಸಿ ಎಲ್ಲವನ್ನೂ ಕೀಳಿಸಿ ಹುಡುಗಿಯನ್ನು ಧಾರೆ ಎರೆದುಕೊಡುತ್ತಿದ್ದರು. ಮದುವೆಯ ಫೋಟೋದಲ್ಲಿ ಹತ್ತೊಂಬತ್ತರ ಅಸುಂತಾ ಬಾಯಿ ಬಿಗಿಹಿಡಿದು ನಿಂತಿದ್ದಾಳೆ. ಆ ಕಾಲ ಹೋಯಿತು ಅನ್ನುತ್ತಾರೆ. ಕಂಪನಿಯ ಕುರ್ಚಿಯ ಪಕ್ಕದಲ್ಲಿ ನಿಂತ ಕೋರಿನ್‌ಗೆ ಹಾಗೇನೂ ಕಾಣುತ್ತಿರಲಿಲ್ಲ.

"ಡಾಕ್ಟರಮ್ಮ, ನಿಮ್ ಪರೀಕ್ಷೆ ಪೇಪರ್ ಬಂದಿದೆ, ನೋಡಿ," ಎನ್ನುತ್ತ ಡೆನ್ವರ್ ಹಿಕಲ್ ತನ್ನ ಬಾಯನ್ನೇ ಬೆರಳಿಟ್ಟು ತೋರಿಸಿಕೊಂಡು ಒಳಗೆ ಬಂದ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಮನೆತನದಲ್ಲಿ ನಲವತ್ತು ದಾಟಿಯೂ ಸ್ವಂತ ಹಲ್ಲಿನಲ್ಲಿ ಜೋಳದ ತೆನೆ ಕಚ್ಚುವವನು ಅವನೊಬ್ಬನೇ, ಆ ಜಂಬ ನಡಿಗೆಯಲ್ಲೇ ಕಾಣುತ್ತಿತ್ತು. ಕೆಳಸಾಲಿನ ಕೊನೆಯ ದವಡೆಹಲ್ಲಿನ ಹಿಂದೆ ಒಸಡು ಬಿಟ್ಟುಕೊಂಡಾಗ ಕಂಪನಿಯ ಮ್ಯಾನೇಜರು ಕೀಳಿಸಿ ಅಂದಿದ್ದ. ಡೆನ್ವರ್ ಒಪ್ಪಲಿಲ್ಲ. ಮ್ಯಾನೇಜರು ಬೇಗ ಮನೆಗೆ ಹೋಗುವ ಶುಕ್ರವಾರಗಳಂದು ಕೋರಿನ್ ತನ್ನ ಸ್ವಂತ ಹೊತ್ತಿನಲ್ಲಿ ಒಸಡು ಬಿಡಿಸಿ, ಬೇರು ಕೆರೆದು, ಹೊಲಿಗೆ ಹಾಕಿದ್ದಳು. ಅವನು ಬಾಯಲ್ಲಿಡುತ್ತಿದ್ದ ಹೊಗೆಸೊಪ್ಪಿನ ಪುಡಿಯನ್ನು ಬಿಟ್ಟಿದ್ದ. ಅರ್ಜಿಯ ಜೊತೆ ಅವಳು ಕಳಿಸಿದ್ದ ಒಂದೇ ಒಂದು ದೊಡ್ಡ ಕೆಲಸ ಆ ಹಲ್ಲು.

"ಬಾಯಿ ಮುಚ್ಚೋ ಡೆನ್ವರ್," ಎಂದಳು ಟ್ವೈಲಾ. ಅವಳು ಕ್ಲಿನಿಕ್ಕಿನ ಸಹಾಯಕಿ, ಡೆನ್ವರನ ಶಾಲೆಯ ಜೊತೆಗಾತಿ. "ಅಲ್ಲ, ತೆಗಿ. ನಿಂಗೆ ಯಾವಾಗ ಯಾವ್ದು ಮಾಡ್ಬೇಕು ಅಂತ ಆಗ್ಲೂ ಗೊತ್ತಾಗ್ತಿರ್ಲಿಲ್ಲ, ಈಗ್ಲೂ ಗೊತ್ತಾಗಲ್ಲ."

ಕೋರಿನ್ ಅಳತೆಕಡ್ಡಿ ಹಿಡಿದಳು. ಗೀಟು ಕೊರೆದ ಸಪೂರ ಕಡ್ಡಿ ಅದು. ಹಲ್ಲಿಗೂ ಒಸಡಿಗೂ ನಡುವಿನ ಸಂದಿಯಲ್ಲಿ ಇಳಿಸಿದರೆ ಆಳ ತಿಳಿಯುತ್ತದೆ. ಮೂರು ಗೀಟಿನೊಳಗಿದ್ದರೆ ಒಸಡು ಗಟ್ಟಿ. ಐದು ದಾಟಿತೋ, ಒಳಗೆ ಮೂಳೆ ಕರಗುತ್ತಿದೆ ಎಂದು ಅರ್ಥ. ಅವಳು ಹೇಳುತ್ತ ಹೋದಳು, ಟ್ವೈಲಾ ಬರೆದುಕೊಳ್ಳುತ್ತ ಹೋದಳು. ಮೂರು, ಎರಡು, ಮೂರು. ಕೊನೆಯ ದವಡೆಹಲ್ಲಿನ ಹಿಂದೆಯೂ ಮೂರು.

ಸೋಮವಾರ ತೋರಿಸಲೆಂದು ಫೋಟೋ ತೆಗೆದಾಯಿತು. ಬಾಯಿ ಒರೆಸಿದ ಬಟ್ಟೆಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಎಲ್ಲೋ ಗೀರಿರಬೇಕು ಎಂದುಕೊಂಡು ಅದನ್ನು ಬುಟ್ಟಿಗೆ ಹಾಕಿದಳು.

"ನಿಮ್ ಕೈ ಎಷ್ಟು ಹಗುರ ಡಾಕ್ಟರಮ್ಮ! ಕಡ್ಡಿ ಹೋಗಿದ್ದೂ ಗೊತ್ತಾಗ್ಲಿಲ್ಲ, ಬಂದಿದ್ದೂ ಗೊತ್ತಾಗ್ಲಿಲ್ಲ," ಎಂದ ಡೆನ್ವರ್, ಕೆಳಗಿಟ್ಟಿದ್ದ ಪೊಟ್ಟಣ ಎತ್ತಿಕೊಡುತ್ತ. ಒಳಗೆ ಅವನ ತಂಗಿ ಬನ್ನಿನೊಳಗೆ ಖಾರದ ಮಾಂಸವಿಟ್ಟು ಬೇಯಿಸಿದ ಪೆಪರೋನಿ ರೋಲುಗಳು, ಇನ್ನೂ ಬೆಚ್ಚಗಿದ್ದವು. "ದಾರೀಲಿ ತಿನ್ನಿ. ಬರೀ ಹೊಟ್ಟೇಲಿ ಪರೀಕ್ಷೆ ಬರೀಬಾರ್ದು."

ಸೋಮವಾರ ಕಾಲೇಜಿನಲ್ಲಿ ಹೊಸ ಸೂಟು ಹೊಲಿಸಿಕೊಂಡು ಬಂದ ಹುಡುಗ ಹುಡುಗಿಯರು ಗೋಡೆಗುಂಟ ಕೂತಿದ್ದರು. ಅವರಲ್ಲಿ ಒಬ್ಬ ಕೋರಿನ್‌ಳನ್ನು ಅಲ್ಲಿನ ಪ್ರಾಧ್ಯಾಪಕಿ ಎಂದು ತಿಳಿದು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. ಅವಳಿಗೆ ನಗಬೇಕೋ ಎದ್ದು ಮನೆಗೆ ಹೋಗಬೇಕೋ ತಿಳಿಯಲಿಲ್ಲ.

ವಿಭಾಗದ ಮುಖ್ಯಸ್ಥ ಹಾಲ್ವರ್ಸನ್ ಎಂಬ ಮುದುಕ. ಒಣಗಿದ ಕಟ್ಟಿಗೆಯಂಥ ಆಳು. ಸಂದರ್ಶನದಲ್ಲಿ ಅವನದೊಂದು ಪದ್ಧತಿ ಇತ್ತು. ಪ್ರಶ್ನೆಗಿಶ್ನೆ ಮುಗಿದ ಮೇಲೆ ತಾನೇ ರೋಗಿಯ ಕುರ್ಚಿಯಲ್ಲಿ ಮಲಗಿ, ಬಾಯಿ ತೆರೆದು, ನನ್ನ ಒಸಡು ಅಳೆಯಿರಿ ಅನ್ನುತ್ತಿದ್ದ. ಇಬ್ಬರು ಅಧ್ಯಾಪಕರು ಪಕ್ಕದಲ್ಲಿ ನಿಂತಿರುತ್ತಿದ್ದರು. ಕೋರಿನ್‌ಳ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ, ಮಧ್ಯಾಹ್ನ ಬಾಡಿದ ಮೇಲೆ.

ಅವಳು ಅಳೆಯುತ್ತ ಬಂದಳು. ಎರಡು, ಮೂರು, ಎರಡು. ಮೇಲಿನ ಸಾಲಿನ ಕೊನೆಯ ಹಲ್ಲಿನ ಹಿಂದೆ ಕಡ್ಡಿ ಇಳಿಸಿ, "ಮೂರು," ಎಂದಳು. ಅಂದ ಮೇಲೆ ಅವಳ ಬೆರಳುಗಳಿಗೆ ಏನೋ ಕಸಿವಿಸಿಯಾಯಿತು. ಕಡ್ಡಿ ತಳ ಮುಟ್ಟಿ ನಿಂತದ್ದಲ್ಲ, ಅವಳು ನಿಲ್ಲಿಸಿದ್ದಕ್ಕೆ ನಿಂತದ್ದು. ತನಗೆ ಸೀಟು ಕೊಡಬೇಕಾದ ಮನುಷ್ಯನ ಬಾಯಿ. ಅಲ್ಲಿ ಯಾವ ಕೈ ತಾನೇ ಒತ್ತೀತು? ಇದೇ ಮೆತ್ತನೆಯ ನಿಲುಗಡೆ ಶುಕ್ರವಾರ ಡೆನ್ವರನ ಬಾಯಲ್ಲೂ ಇವೇ ಬೆರಳುಗಳಿಗೆ ಸಿಕ್ಕಿತ್ತು ಎಂಬುದು ನೆನಪಾಯಿತು.

"ಇದೊಂದು ಮತ್ತೆ ನೋಡ್ತೀನಿ," ಎಂದಳು.

ಸರಿಯಾಗಿ ಒತ್ತಿದಳು. ಮುದುಕ ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡ. ಕಡ್ಡಿ ಇಳಿಯುತ್ತಲೇ ಹೋಯಿತು, ಹಿಂದೆಯೇ ರಕ್ತ ಬಂತು.

"ಏಳು."

ಹಾಲ್ವರ್ಸನ್ ಎದ್ದು ಕೂತು ಬಾಯಿ ತೊಳೆದುಕೊಂಡ. "ಬೆಳಿಗ್ಗೆಯಿಂದ ಎಲ್ರೂ ಮೂರು ಅಂದ್ರು. ಹೋದ ವರ್ಷಾನೂ ಮೂರೇ ಅಂದಿದ್ರು. ನನ್ ಒಸಡು ಎಷ್ಟು ಮರ್ಯಾದಸ್ಥ ನೋಡಿ," ಎಂದ. ಅಧ್ಯಾಪಕರಿಬ್ಬರೂ ನಕ್ಕರು. ಕೋರಿನ್‌ಗೆ ಸೀಟು ಕೈಗೆಟುಕುವಷ್ಟು ಹತ್ತಿರ ಬಂದಿತ್ತು, ಅದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

ಮುದುಕ ಡೆನ್ವರನ ಹಲ್ಲಿನ ಫೋಟೋ ಪರದೆಯ ಮೇಲೆ ಹಾಕಿಸಿದ. "ಒಳ್ಳೇ ಕೆಲಸ. ಕಂಪನಿ ಕ್ಲಿನಿಕ್ಕಲ್ಲಿ ಕೂತು ಇದನ್ನ ಮಾಡಿದೀರಿ ಅಂದ್ರೆ ಸಾಮಾನ್ಯ ಅಲ್ಲ. ಈ ಕೊನೇ ಹಲ್ಲಿನ ಹಿಂದೆ ಈಗ ಎಷ್ಟಿದೆ?"

ಮೂರು ಅಂದರೆ ಮುಗಿಯುತ್ತಿತ್ತು. ಬರೆದಿದ್ದದ್ದೂ ಮೂರೇ, ಸುಳ್ಳು ಅಂತ ಯಾರೂ ಅನ್ನುವಂತಿರಲಿಲ್ಲ. ಕೋರಿನ್ ಪರದೆಯನ್ನು ನೋಡಿದಳು. ಮೂರು ವರ್ಷದಿಂದ ಈ ಗಳಿಗೆಗಾಗಿ ಕಾದವಳಿಗೆ ಆಗ ಬೇಕೆನ್ನಿಸಿದ್ದು ಒಂದು ಗಂಟೆ ನಿದ್ದೆ.

"ಗೊತ್ತಿಲ್ಲ," ಎಂದಳು.

"ಮೂರು ಅಂತ ಬರ್ದಿದೀರಲ್ಲ?"

"ಬರ್ದಿದೀನಿ. ನಿಮ್ಮ ಹಲ್ಲನ್ನ ಮೊದಲ್ನೇ ಸಲ ಅಳೆದ್ನಲ್ಲ, ಅದೇ ಕೈಯಲ್ಲಿ ಅಳೆದಿದ್ದು. ಅದು ಮೂರಾಗ್ಲಿ ಅಂತ ನಂಗೆ ತುಂಬ ಆಸೆ ಇತ್ತು. ಒರೆಸ್ದಾಗ ರಕ್ತ ಕಾಣಿಸ್ತು, ನೋಡಿಯೂ ನೋಡದ ಹಾಗೆ ಬಿಸಾಕ್ದೆ. ವಾಪಸ್ ಹೋಗಿ ಮತ್ತೆ ಅಳೀಬೇಕು."

ಹಾಲ್ವರ್ಸನ್ ಪರದೆ ಆರಿಸಿ, "ಸರಿ. ಹುಷಾರಾಗಿ ಹೋಗಿ, ಗುಡ್ಡದ ದಾರಿ," ಎಂದಷ್ಟೇ ಹೇಳಿದ.

ಎಲ್ಲ ಮುಗಿಯಿತು ಎಂದುಕೊಂಡು ಅವಳು ಕಾರು ಓಡಿಸಿದಳು. ಉಳಿದಿದ್ದ ರೋಲನ್ನು ತಿನ್ನುತ್ತ ಒಮ್ಮೆ ಅತ್ತಳು, ಮತ್ತೆ ಸುಮ್ಮನಾದಳು. ಅಳುವುದಕ್ಕೂ ಶಕ್ತಿ ಬೇಕು.

ಮರುದಿನವೇ ಡೆನ್ವರನನ್ನು ಕರೆಸಿ ಕೂರಿಸಿ ಒತ್ತಿದಳು. "ಅಯ್ಯಯ್ಯಪ್ಪಾ!" ಎಂದ ಅವನು. ಏಳು, ಹಿಂದೆಯೇ ರಕ್ತ. ಟ್ವೈಲಾಳ ಪೆನ್ನು ನಿಂತಿತು.

"ಪುಡಿ ಮತ್ತೆ ಶುರು ಮಾಡಿದೀರಾ?" ಎಂದು ಕೇಳಿದಳು ಕೋರಿನ್.

ಡೆನ್ವರ್ ಚಾವಣಿ ನೋಡಿದ. "ಬೇಸಿಗೇಲಿ. ಒಂದ್ ಚೂರೇ ಚೂರು. ಹೇಳಿದ್ರೆ ನಿಮ್ ಪರೀಕ್ಷೆ ಕೆಟ್ಟುಹೋಗುತ್ತೆ ಅಂತ ಬಾಯಿ ಬಿಡ್ಲಿಲ್ಲ."

"ಬಿಡಬೇಕಾದಾಗ ಬಿಡಲ್ಲ ನೀನು," ಎಂದಳು ಟ್ವೈಲಾ. ಬೈಗುಳದಲ್ಲಿ ಖಾರ ಇರಲಿಲ್ಲ.

"ತಪ್ಪು ನಿಮ್ದಲ್ಲ. ಅಳೆಯೋಳು ನಾನು. ಸರಿಯಾಗಿ ಅಳೆದಿದ್ರೆ ಅವತ್ತೇ ಗೊತ್ತಾಗ್ತಿತ್ತು," ಎಂದಳು ಕೋರಿನ್.

ಜಿಂಕೆ ಬೇಟೆಯ ವಾರ ಬಂತು. ಊರಿನ ಗಂಡಸರೆಲ್ಲ ಕಾಡು ಸೇರಿದ್ದರು, ಕ್ಲಿನಿಕ್ಕಿನಲ್ಲಿ ನೊಣ ಹೊಡೆಯಲೂ ಜನ ಇರಲಿಲ್ಲ. ಅಂಥ ಒಂದು ಬೆಳಿಗ್ಗೆ ಕೋರಿನ್‌ಳ ಫೋನಿಗೆ ಸುದ್ದಿ ಬಂತು. ಸೀಟು ಸಿಕ್ಕಿತ್ತು. ಅದೇ ಕಾಲೇಜು. ಅವಳು ಎರಡು ಸಲ ಓದಿ ಫೋನನ್ನು ಟ್ವೈಲಾಳ ಕೈಗೆ ಕೊಟ್ಟು, ನೀನೊಂದು ಸಲ ಓದು ಅಂದಳು. ಟ್ವೈಲಾ ಕಿರುಚಿದ್ದು ಬಟ್ಟೆ ಒಗೆಯುವ ಅಂಗಡಿಯವರೆಗೂ ಕೇಳಿ ಅಲ್ಲಿಂದ ಒಬ್ಬಳು ಓಡಿಬಂದಳು. ಕೋರಿನ್‌ಗೆ ಖುಷಿಯಾಯಿತು, ನಿಜವಾಗಿ ಆಯಿತು. ಆದರೆ ದಣಿದವರ ಖುಷಿ ಕುರ್ಚಿ ಹುಡುಕುತ್ತದೆ, ಅವಳು ಕೂತಲ್ಲೇ ಕೂತಿದ್ದಳು.

ಜೂನ್ ಕಳೆಯುತ್ತಲೇ ಹೊರಡಬೇಕಿತ್ತು. ಅಷ್ಟರಲ್ಲಿ ಆ ಹಲ್ಲನ್ನು ಉಳಿಸಿಯೇ ತೀರುತ್ತೇನೆಂದು ಚಳಿಗಾಲದಲ್ಲಿ ಮತ್ತೊಮ್ಮೆ ಒಸಡು ಬಿಡಿಸಿದಳು. ಡೆನ್ವರ್ ಪುಡಿಯ ಡಬ್ಬಿಯನ್ನು ಅವಳೆದುರಿಗೇ ಬುಟ್ಟಿಗೆ ಎಸೆದ. ವಸಂತದಲ್ಲಿ ಕಾಡುಬೆಳ್ಳುಳ್ಳಿ ಸೊಪ್ಪು ಬಂದು, ಊರಿಗೆ ಊರೇ ಅದನ್ನು ತಿಂದು ಗಬ್ಬು ನಾರುತ್ತ ಕುರ್ಚಿ ಹತ್ತುವ ಕಾಲಕ್ಕೆ ಡೆನ್ವರನ ಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತಿತ್ತು. ಒಳಗಿನ ಮೂಳೆ ಹೊರಟುಹೋಗಿತ್ತು.

"ಚಾರ್ಲ್ಸ್‌ಟನ್ನಲ್ಲಿ ಒಸಡಿನ ಡಾಕ್ಟ್ರು ಇದಾರೆ. ಇಲ್ಲಾ ಅಂದ್ರೆ ನಮ್ ಕಾಲೇಜಿಗೇ ಬನ್ನಿ, ನಾನೇ ನೋಡ್ತೀನಿ. ಇನ್ನೂ ಒಂದ್ ಸಲ ಪ್ರಯತ್ನ ಪಡೋಣ," ಎಂದಳು ಕೋರಿನ್.

"ಡಾಕ್ಟರಮ್ಮ, ನಂಗೆ ಈಗ ನಮ್ಮನೆ ಟಪಾಲು ಡಬ್ಬಿಯಿಂದ ಆಚೆ ಕಣ್ಣು ಕಾಣ್ಸಲ್ಲ. ಗುಡ್ಡ ಇಳಿದು ಎಲ್ಲಿ ಹೋಗ್ಲಿ?" ಡೆನ್ವರ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡ. "ನೀವು ಹೋದ್ಮೇಲೆ ಇಲ್ಲಿ ಯಾವನೋ ಬಂದು ನಿಲ್ತಾನೆ. ಅವನು ಇದೊಂದಕ್ಕೇ ಬಿಡ್ತಾನಾ? ಪಕ್ಕದ್ದು, ಅದರ ಪಕ್ಕದ್ದು, ಎಲ್ಲಾ ಗುಡಿಸ್ಕೊಂಡ್ ಹೋಗ್ತಾನೆ. ಅದಕ್ಕೇ ನೀವೇ ತೆಗೀರಿ. ಇದೊಂದೇ ತೆಗೀರಿ."

ಕೋರಿನ್ ವಾದ ಮಾಡಿದಳು. ಅವನು ತಲೆಯಾಡಿಸುತ್ತಲೇ ಇದ್ದ. ಕೊನೆಗೆ ಅವಳು ಸೂಜಿ ಹಾಕುವ ಮೊದಲು ಅಳತೆಕಡ್ಡಿ ತೆಗೆದುಕೊಂಡಳು.

"ಹೋಗೋ ಹಲ್ಲಿಗೆ ಅಳತೆ ಯಾಕೆ?" ಎಂದಳು ಟ್ವೈಲಾ.

"ಬರ್ಕೋ. ಒಂಬತ್ತು." ಆಮೇಲೆ ಉಳಿದ ಹಲ್ಲುಗಳನ್ನೂ ಒಂದೊಂದಾಗಿ ಅಳೆದಳು. ಪ್ರತಿ ಸಲವೂ ಡೆನ್ವರ್ ಮುಖ ಹಿಂಡಿದ, ಅವಳು ಕೈ ಸಡಿಲಿಸಲಿಲ್ಲ. ಮೂರು, ಎರಡು, ಮೂರು. "ಇವೆಲ್ಲ ಗಟ್ಟಿ ಇವೆ. ಹೊಸಬ ಬಂದು ಏನಾದ್ರೂ ಅಂದ್ರೆ ಟ್ವೈಲಾ ಬರೆದಿದ್ದನ್ನ ತೋರ್ಸಿ, ಮುಟ್ಟೋಕೆ ಬಿಡ್ಬೇಡಿ."

ಹಲ್ಲು ಒಂದೇ ತಿರುವಿಗೆ ಕೈಗೆ ಬಂತು. ಸಾವಿರಾರು ಹಲ್ಲು ಕಿತ್ತ ಕೈ ಅದು, ಆದರೂ ಅಷ್ಟು ಸುಲಭವಾಗಿ ಬಂದದ್ದನ್ನು ಕಂಡು ಕೋರಿನ್‌ಗೆ ತಡೆಯಲಾಗಲಿಲ್ಲ. ಇಕ್ಕಳ ಹಿಡಿದುಕೊಂಡೇ ಅತ್ತಳು. ಉಳಿಸುವುದನ್ನು ಕಲಿಯಲು ಹೊರಟವಳು ಹೋಗುವ ಮುಂಚೆ ಕಿತ್ತದ್ದು ಇದನ್ನೇ. ಟ್ವೈಲಾ ಕಿಟಕಿಯ ಕಡೆ ತಿರುಗಿ ನಿಂತಳು.

ಡೆನ್ವರ್ ಹತ್ತಿ ಕಚ್ಚಿಕೊಂಡ ಬಾಯಲ್ಲೇ ಏನೋ ಗೊಣಗಿದ. ಅರ್ಥವಾಗಲಿಲ್ಲ. ಹತ್ತಿ ತೆಗೆದು ಮತ್ತೆ ಹೇಳಿದ.

"ಅದನ್ನ ಬುಟ್ಟಿಗೆ ಹಾಕ್ಬೇಡಿ. ಕಾಲೇಜಿಗೆ ತಗೊಂಡ್ ಹೋಗಿ. ಆ ಸೀಟಲ್ಲಿ ಅರ್ಧ ಅದರದ್ದು."

ಕೋರಿನ್ ಹಲ್ಲನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡಳು. ಹೊರಗೆ ಮೇಲಿನ ಸಾಲು ಪೂರ್ತಿ ಕೀಳಿಸಲು ಬಂದ ಹೆಂಗಸೊಬ್ಬಳು ಕಾಯುತ್ತಿದ್ದಳು. ಕೋರಿನ್ ಕಣ್ಣೊರೆಸಿಕೊಂಡು ಅವಳನ್ನು ಒಳಗೆ ಕರೆಸಿದಳು, ಮೊದಲು ಅಳತೆಕಡ್ಡಿ ಕೇಳಿದಳು.