ತೊಳೆದರೂ ಹೋಗದ ಬಣ್ಣ

"ಲೇ ಸಣ್ಣಬೀರ, ಮಗಳಿಗೆ ಕದಿಯೋದು ಕಲ್ಸಿದೀಯ, ಬಾಯಿ ಒರೆಸ್ಕೊಳ್ಳೋದು ಕಲಿಸ್ಲಿಲ್ವೇನೋ?"

ಬಾವಿಯ ಮುಂದೆ ನೀರಿಗೆ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಬಸವರಾಜಪ್ಪ ಐದು ವರ್ಷದ ದ್ಯಾಮಿಯ ಗದ್ದ ಹಿಡಿದೆತ್ತಿ ಎಲ್ಲರಿಗೂ ತೋರಿಸಿದ. ತುಟಿ ನೀಲಿ, ಉಗುರು ನೀಲಿ. ಅರವತ್ತೊಂದನೇ ಇಸವಿಯ ಆಷಾಢ. ಅವನ ಹೊಲದ ಬದುವಿನ ನೇರಳೆ ಮರ ಆ ವಾರವಷ್ಟೇ ಹಣ್ಣಾಗಿತ್ತು. ಇನ್ನು ಬೇರೆ ಸಾಕ್ಷಿ ಯಾರಿಗೆ ಬೇಕು?

"ನಾ ತಿಂದಿಲ್ಲ ಕಣಪ್ಪ," ಅಂದಳು ದ್ಯಾಮಿ, ಅಪ್ಪನ ಮುಖ ನೋಡುತ್ತ.

ಸಣ್ಣಬೀರಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಬಸವರಾಜಪ್ಪನ ಮೇಲೆ ತೋರಿಸುವ ಗಂಡಸುತನ ಬರಲಿಲ್ಲ. ಮಗಳ ಬೆನ್ನಿಗೇ ಬಾರಿಸಿ, "ಓಡೇ ಮನೆಗೆ!" ಎಂದು ಅಟ್ಟಿದ. ಹತ್ತು ಮಾರು ಓಡಿ ಅವಳು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಯಾವಾಗಲೂ ಇದೇ ಆಟ. ಹಿಂದೆಯೇ ಹೋಗಿ ಮೈಗಳ್ಳಿ ಅಂತ ಇನ್ನೊಂದು ಬಿಟ್ಟ.

ಮನೆಯಲ್ಲಿ ಹೆಂಡತಿ ದುರ್ಗಮ್ಮ ಸೀಗೆಪುಡಿ ಹಾಕಿ ಉಜ್ಜಿದಳು. ಬಣ್ಣ ಹೋಗಲಿಲ್ಲ. ನೇರಳೆ ಕಾಲ ಮುಗಿದು ರಾಗಿ ತೆನೆ ಬಿಟ್ಟರೂ ಹೋಗಲಿಲ್ಲ. ಆಗ ಅವನಿಗೆ ದಿಗಿಲಾಯಿತು. ಮಗಳನ್ನು ಹೊತ್ತು ಅಜ್ಜಂಪುರದ ತನಕ ನಡೆದು, ಬಸ್ಸು ಹತ್ತಿ ತರೀಕೆರೆಗೆ ಹೋದ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಓಡಿದ ಮೇಲೆ ಕುಕ್ಕರಗಾಲಲ್ಲಿ ಕೂರ್ತಾಳಾ?"

"ಹೂಂ ಸ್ವಾಮಿ. ಮೈಗಳ್ಳತನ."

"ಅಲ್ಲ ಕಣಯ್ಯ. ಹುಟ್ಟಿದಾಗಿಂದ ಗುಂಡಿಗೇಲಿ ತೂತಿದೆ. ಅದಕ್ಕೇ ಈ ನೀಲಿ, ಬೆಳೀತಾ ಬೆಳೀತಾ ಹೆಚ್ಚಾಗಿದೆ. ಹಾಗೆ ಕೂತ್ರೆ ಉಸಿರಿಗೆ ಕೊಂಚ ಸುಖ. ಯಾರೂ ಹೇಳಿಕೊಡದೆ ಮಗು ತಾನೇ ಕಂಡ್ಕೊಂಡಿದೆ."

ಸಣ್ಣಬೀರಪ್ಪ ತನ್ನ ಅಂಗೈ ನೋಡಿಕೊಂಡ.

ಆಪರೇಷನ್ನಿಗೆಂದು ಮದರಾಸು ಸೀಮೆಯ ದೊಡ್ಡಾಸ್ಪತ್ರೆಗೆ ಡಾಕ್ಟರು ಕಾಗದ ಬರೆದರು. ಅಂದಿನಿಂದ ಅವನು ಮಗಳ ಕಾಲು ನೆಲಕ್ಕೆ ಸೋಕಿಸಲಿಲ್ಲ. ಹೊಲಕ್ಕೂ ಹೆಗಲ ಮೇಲೇ.

"ಇಳ್ಸಪ್ಪ, ನಾನೂ ಓಡ್ತೀನಿ."

"ನಿನ್ ಪಾಲಿಂದೂ ನಾನೇ ಓಡ್ತೀನಿ ಕಣವ್ವ," ಎಂದು ಬದುವಿನುದ್ದಕ್ಕೂ ಓಡುತ್ತಿದ್ದ. ಅವಳು ಅವನ ಜುಟ್ಟು ಹಿಡಿದು ಕಿಲಕಿಲ ನಗುತ್ತಿದ್ದಳು.

ರಾಗಿ ಕೊಯ್ಲಿನ ಒಂದು ಬೆಳಿಗ್ಗೆ ನಗು ನಿಂತಿತು. ಜುಟ್ಟು ಹಿಡಿದಿದ್ದ ಕೈ ಸಡಿಲವಾಯಿತು.

ದೊಡ್ಡಾಸ್ಪತ್ರೆಯಿಂದ 'ಕರೆತನ್ನಿ' ಎಂಬ ಕಾಗದ ಬಂದದ್ದು ಮಣ್ಣು ಮಾಡಿದ ಮೇಲೆ.

ಮರುವರ್ಷ, ಅದೇ ಬಾವಿಯ ಮುಂದೆ, ಬಸವರಾಜಪ್ಪ ಮೊರದ ತುಂಬ ನೇರಳೆ ಹಣ್ಣು ಹಿಡಿದು ಅಡ್ಡ ನಿಂತ.

"ತಗಳಪ್ಪ, ಮಗೀಗೆ ಎಡೆ ಇಡು. ನಂಗೇನು ಗೊತ್ತಿತ್ತು ಹೇಳು? ಹೆತ್ತೋನು ನೀನು, ನಿಂಗೇ ಗೊತ್ತಾಗ್ಲಿಲ್ವಲ್ಲೋ?"

ಬಾವಿಯ ಮುಂದೆ ಯಾರೂ ನಗಲಿಲ್ಲ. ಸಣ್ಣಬೀರಪ್ಪ ಮೊರ ಮುಟ್ಟಲಿಲ್ಲ. ಹತ್ತು ಮಾರು ನಡೆದ. ಅಂದು ದ್ಯಾಮಿ ಕೂತಿದ್ದ ಜಾಗ ಬಂದಾಗ, ಅದನ್ನು ತುಳಿಯದೆ ಬಳಸಿಕೊಂಡು ಹೊರಟುಹೋದ.