ಓತಿಲಿಯಾಳ ಕಿವಿ, ಯಾದಿರಾಳ ಕೈ

ಗುವಾಯಾಕಿಲ್ ನಗರದ ಆ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೆಂಗಸರು ಬಾಯಿಬಿಟ್ಟು ಮಾತಾಡುವುದನ್ನು ಯಾವತ್ತೋ ಬಿಟ್ಟಿದ್ದರು. ಹಾಗಂತ ಅವರು ಮಾತು ಕಡಿಮೆಯವರು ಎಂದುಕೊಂಡರೆ ತಪ್ಪು ನಿಮ್ಮದು. ಬಟ್ಟೆ ಹಿಂಡುವ ಯಂತ್ರಗಳು ತಿರುಗತೊಡಗಿದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಗೊತ್ತಾಗುವುದಿಲ್ಲ, ಆದ್ದರಿಂದ ಅವರು ಕೈಯಲ್ಲೇ ಹರಟುತ್ತಿದ್ದರು. ಮೂಗಿನ ಕೆಳಗೆ ಬೆರಳು ಸವರಿದರೆ ಮೀಸೆಯ ಸೂಪರ್‌ವೈಸರ್ ಯೂಕ್ಲಿದೆಸ್ ಬಂದ ಎಂದರ್ಥ. ಎರಡು ಮುಂಗೈಗಳನ್ನು ಅಡ್ಡಡ್ಡ ಹಿಡಿದರೆ ಅಂಟುರೋಗದ ವಾರ್ಡಿನ ಬಟ್ಟೆ ಬಂದಿದೆ, ಗವಸು ಹಾಕಿಕೋ ಎಂದರ್ಥ. ಉಂಗುರದ ಬೆರಳು ತಿರುವಿದರೆ ಯಾರದೋ ಮದುವೆ, ಅದೇ ಬೆರಳನ್ನು ಕೊಡವಿದರೆ ಮದುವೆ ಮುರಿದುಬಿತ್ತು.

ಈ ಭಾಷೆಯಲ್ಲಿ ಯಾದಿರಾಳನ್ನು ಮೀರಿಸುವವರಿರಲಿಲ್ಲ. ಅವಳ ಎದುರಿಗೆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದವಳು ಓತಿಲಿಯಾ. ಯಾದಿರಾಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ದಪ್ಪ ಕನ್ನಡಕದವಳು, ನಗು ಬಂದರೆ ಶೀಟನ್ನೇ ಬಾಯಿಗೆ ಒತ್ತಿಕೊಳ್ಳುವವಳು. ಮನೆಯಲ್ಲಿ ಒಳ್ಳೆಯ ಗಂಡನಿದ್ದ, ಮಗಳಿದ್ದಳು, ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಅವಳು ಹೊಟ್ಟೆ ತುಂಬ ನಗುತ್ತಿದ್ದದ್ದು ಈ ಗದ್ದಲದ ನಡುವೆಯೇ.

ಯೂಕ್ಲಿದೆಸ್ ವರ್ಷವರ್ಷವೂ ಎಲ್ಲರಿಗೂ ಕಿತ್ತಳೆ ಬಣ್ಣದ ಬಿರಡೆಗಳನ್ನು ಹಂಚುತ್ತಿದ್ದ. ದಾರ ಕಟ್ಟಿದ, ಕಿವಿಗೆ ಹಾಕುವ ಮೆತ್ತನೆಯ ಬಿರಡೆಗಳು. ಹೆಂಗಸರು ಅವನ್ನು ಕೊರಳಿಗೆ ಹಾಕಿಕೊಂಡು ಸರದ ಹಾಗೆ ಮೆರೆಸುತ್ತಿದ್ದರು. "ಅದನ್ನ ಕಿವಿಗೆ ತುರುಕ್ಕೊಂಡ್ರೆ ನಾವು ಮಾತಾಡೋದು ಹೇಗ್ರೀ?" ಎಂದು ಓತಿಲಿಯಾ ಅವನಿಗೆ ಒಮ್ಮೆ ಮುಖದ ಮೇಲೆ ಹೊಡೆದಂತೆ ಕೇಳಿದ್ದಳು. ಅವನು ಮೀಸೆ ತಿರುವಿ ಹೊರಟುಹೋಗಿದ್ದ.

ಈ ಸಲ ಬಿರಡೆಗಳ ಜೊತೆಗೆ ಕಿವಿ ಪರೀಕ್ಷೆಯೂ ಬಂತು. ಕಿವಿ ಮಂದವಾದವರನ್ನು ಯಂತ್ರಗಳ ಹತ್ತಿರ ಇಡುವುದಿಲ್ಲ, ಮೂರನೇ ಮಹಡಿಯ ಹೊಲಿಗೆ ಕೋಣೆಗೆ ಕಳಿಸುತ್ತಾರೆ ಎಂದು ಸುದ್ದಿ ಹಬ್ಬಿತು. ಅಲ್ಲಿ ಹರಿದ ಗೌನುಗಳಿಗೆ ಗುಂಡಿ ಹಚ್ಚುತ್ತ ಒಬ್ಬಳೇ ಕೂರಬೇಕು. ತನ್ನ ಕಿವಿಯ ಹಣೆಬರಹ ಓತಿಲಿಯಾಗೆ ಗೊತ್ತಿಲ್ಲದ್ದೇನಲ್ಲ. ಅವಳ ಮನೆಯ ಟೀವಿ ಇಡೀ ಓಣಿಗೆ ಸುದ್ದಿ ಓದುತ್ತಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ಗೇಟಿನ ಹೊರಗೆ ನಿಂತು ಇಬ್ಬರೂ ಬೊಲೋನ್ ತಿನ್ನುತ್ತಿದ್ದರು. ಕಾಯಿಬಾಳೆ ಜಜ್ಜಿ, ಒಳಗೆ ಚೀಸ್ ತುಂಬಿ ಕರಿದ ಆ ಉಂಡೆಯನ್ನು ಓತಿಲಿಯಾ ಒಮ್ಮೆ ಕಚ್ಚಿ ಕೈಯಲ್ಲೇ ತಿರುಗಿಸುತ್ತ ನಿಂತಿದ್ದಳು.

"ಅಕ್ಕ, ನನ್ನ ಮುಖ ನೋಡು," ಎಂದಳು ಯಾದಿರಾ, ಅವಳ ಗಲ್ಲ ಹಿಡಿದು ತನ್ನತ್ತ ತಿರುಗಿಸಿ. "ನಾನಿರೋವಾಗ ನಿಂಗ್ಯಾಕೆ ಚಿಂತೆ? ಪರೀಕ್ಷೆ ಮಾಡೋ ಹುಡುಗಿ ಗುಂಡಿ ಒತ್ತಿದ್ರೆ ಹೆಡ್‌ಫೋನಲ್ಲಿ ಕುಂಯ್ ಅನ್ನುತ್ತೆ. ಕೇಳಿದ್ರೆ ನೀನು ಕೈ ಎತ್ತಬೇಕು, ಅಷ್ಟೇ. ನಾನು ಅವಳ ಬೆನ್ನ ಹಿಂದೆ ಬೆಂಚಲ್ಲಿ ಕೂತಿರ್ತೀನಿ. ಅವಳ ಬೆರಳು ಅಲ್ಲಾಡಿದ್ರೆ ನಾನು ಕಿವಿ ಕೆರ್ಕೋತೀನಿ."

"ಸಿಕ್ಕಿಹಾಕ್ಕೊಂಡ್ರೆ?"

"ಕಿವಿ ತುರಿಸ್ತು ಅಂತೀನಿ. ಕಿವಿ ಪರೀಕ್ಷೆಗೆ ಬಂದೋಳಿಗೆ ಕಿವಿ ತುರಿಸಬಾರ್ದಾ?"

"ಮೋಸ ಕಣೇ ಇದು."

"ನೀನು ಮೇಲೆ ಹೋದ್ರೆ ನನ್ನ ಶೀಟಿನ ಆ ತುದಿ ಹಿಡಿಯೋಳು ಯಾರು? ಯೂಕ್ಲಿದೆಸಾ?"

ಓತಿಲಿಯಾ ನಕ್ಕುಬಿಟ್ಟಳು. ಅಲ್ಲಿಗೆ ಒಪ್ಪಿಗೆಯೂ ಆಯಿತು.

ಪರೀಕ್ಷೆ ಮಾಡುವ ಮರಿಸೆಲ್ ಎಳೆಯ ಹುಡುಗಿ, ನಯವಾದ ಮಾತಿನವಳು. ಓತಿಲಿಯಾಳನ್ನು ಗಾಜಿನ ಕಿಟಕಿಯ ಚಿಕ್ಕ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನ್ ತೊಡಿಸಿ, ಬಾಗಿಲು ಹಾಕಿ, ತಾನು ಹೊರಗೆ ಯಂತ್ರದ ಮುಂದೆ ತಲೆ ಬಗ್ಗಿಸಿ ಕುಳಿತಳು. ಅವಳ ಹೆಗಲ ಹಿಂದೆ, ಬೆಂಚಿನ ಮೇಲೆ, ದೇವರ ಮುಂದೆ ಕೂತವಳ ಹಾಗೆ ಯಾದಿರಾ.

ಬೆರಳು ಅಲ್ಲಾಡಿತು. ಯಾದಿರಾ ಕಿವಿ ಕೆರೆದುಕೊಂಡಳು. ಓತಿಲಿಯಾ ಕೈ ಎತ್ತಿದಳು. ಮತ್ತೆ ಬೆರಳು, ಮತ್ತೆ ಕಿವಿ, ಮತ್ತೆ ಕೈ. ಮರಿಸೆಲ್‌ಳ ಹುಬ್ಬು ಮೇಲೇರಿತು. ಸದ್ದನ್ನು ತಗ್ಗಿಸುತ್ತ ಹೋದಳು. ಇಲಿ ಉಸಿರಾಡಿದಷ್ಟು ಸಣ್ಣ ಸದ್ದಿಗೂ ಗೂಡಿನೊಳಗಿನ ಕೈ ಠೀವಿಯಿಂದ ಮೇಲೇಳುತ್ತಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಯಾದಿರಾಳ ಕೈ ಸುಮ್ಮನೆ ಕೂರುವ ಕೈಯಲ್ಲ. ಎದುರಿಗೆ ಓತಿಲಿಯಾ ಇದ್ದಾಳೆ, ನಡುವೆ ಗಾಜಿದೆ, ಬಾಯಿಗೆ ಕೆಲಸವಿಲ್ಲ, ಲಾಂಡ್ರಿಯಲ್ಲಿ ನಿಂತ ಹಾಗೇ ಇದೆ. ಅದೂ ಅಲ್ಲದೆ ಬೆಳಗ್ಗೆಯಷ್ಟೇ ಕಿವಿಗೆ ಬಿದ್ದ ಸುದ್ದಿಯೊಂದು ಹೊರಬರಲು ಚಡಪಡಿಸುತ್ತಿತ್ತು. ಅವಳ ಬೆರಳು ತಂತಾನೇ ಮೂಗಿನ ಕೆಳಗೆ ಸರಿಯಿತು: ಮೀಸೆ. ಆಮೇಲೆ ಉಂಗುರದ ಬೆರಳನ್ನು ತಿರುವಿದಳು.

ಓತಿಲಿಯಾಳ ಕಣ್ಣು ಕನ್ನಡಕದಾಚೆ ಬಂದಂತಾಯಿತು. ಯೂಕ್ಲಿದೆಸ್‌ಗೆ ಮದುವೆಯೇ! ಈ ವಯಸ್ಸಿನಲ್ಲಿ! ಪರೀಕ್ಷೆ ಮರೆತುಹೋಯಿತು. ಎರಡೂ ಕೈಯೆತ್ತಿ, ಯಾರ ಜೊತೆ, ಎಂದು ಕೇಳಿದಳು. ಯಾದಿರಾ ಸೌಟು ತಿರುಗಿಸುವಂತೆ ಕೈಯಾಡಿಸಿದಳು: ಅಡುಗೆಮನೆಯವಳು. ಯಾವಳು, ಉದ್ದನೆಯವಳಾ, ದಪ್ಪಗಿರೋಳಾ? ಓತಿಲಿಯಾ ಕುರ್ಚಿಯಿಂದ ಅರ್ಧ ಎದ್ದು ಗಾಳಿಯಲ್ಲಿ ಒಂದು ದಪ್ಪ ಹೆಂಗಸನ್ನು ಬರೆದಳು.

ಮರಿಸೆಲ್ ಗುಂಡಿಯಿಂದ ಕೈ ತೆಗೆದು ಎಷ್ಟೋ ಹೊತ್ತಾಗಿತ್ತು. ಅವಳು ನಿಧಾನವಾಗಿ ಹಿಂದಕ್ಕೆ ತಿರುಗಿದಳು. ಯಾದಿರಾ ಗಬಕ್ಕನೆ ಕಿವಿ ಕೆರೆದುಕೊಂಡಳು.

"ನೀವು ಸ್ವಲ್ಪ ಹೊರಗಿರಿ," ಎಂದಳು ಮರಿಸೆಲ್. ಅವಳಿಗೂ ನಗು ತಡೆಯುವುದು ಕಷ್ಟವಾಗಿತ್ತು.

ಎರಡನೇ ಸಲ ಓತಿಲಿಯಾಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ಓತಿಲಿಯಾ ಕಣ್ಣು ಮುಚ್ಚಿ, ಇದ್ದಬದ್ದ ಜೀವವನ್ನೆಲ್ಲ ಕಿವಿಗೆ ತಂದುಕೊಂಡು ಕಾದಳು. ಎರಡು ಮೂರು ಸಲ ಕೈ ಎತ್ತಿದಳು. ಆಮೇಲೆ ಬರೀ ಕಾದಳು. ಕೊನೆಗೆ ಮರಿಸೆಲ್ ಬಾಗಿಲು ತೆರೆದಾಗ, "ಯಾಕಮ್ಮಾ, ಇನ್ನೂ ಶುರು ಮಾಡ್ಲಿಲ್ಲ?" ಎಂದು ಕೇಳಿದಳು.

"ಮುಗೀತು ಓತಿಲಿಯಾ ಅವರೇ," ಎಂದಳು ಹುಡುಗಿ, ಅವಳ ಮುಂದೆ ಮಂಡಿಯೂರಿ, ತುಟಿ ಕಾಣುವ ಹಾಗೆ. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನಾದ್ರೂ ಉಳಿಸ್ಕೊಳೋಣ."

ಓತಿಲಿಯಾಗೆ ಅಳು ಬಂತು. ಕಿವಿಗಾಗಿ ಅಲ್ಲ, ಶೀಟಿನ ಆಚೆ ತುದಿಗಾಗಿ. ಹೊರಗೆ ಬಂದು ಯಾದಿರಾಳನ್ನು ಬಾಯಿಗೆ ಬಂದಂತೆ ಬೈದಳು. ಯಾದಿರಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು, ಕೊನೆಗೆ, "ದಪ್ಪಗಿರೋಳೇ ಅಕ್ಕ," ಎಂದಳು.

ಹೊಲಿಗೆ ಕೋಣೆ ತಣ್ಣಗಿತ್ತು, ಬೆಳಕಿತ್ತು, ಕುರ್ಚಿಗೆ ದಿಂಬೂ ಇತ್ತು. ಮೊದಲ ದಿನ ಓತಿಲಿಯಾ ಎಲ್ಲೋ ಒಂದು ಯಂತ್ರ ಓಡುತ್ತಿದೆ ಎಂದು ಹುಡುಕಿದಳು. ಹೊಲಿಗೆ ಮೆಷಿನ್ ನಿಲ್ಲಿಸಿದಳು, ಫ್ಯಾನ್ ಆರಿಸಿದಳು. ಕೊಯ್ಯೆನ್ನುವ ಸದ್ದು ಹಾಗೇ ಇತ್ತು. ಅದು ತನ್ನ ತಲೆಯೊಳಗಿನದು, ಲಾಂಡ್ರಿ ತನ್ನ ಜೊತೆಗೇ ಮೆಟ್ಟಿಲು ಹತ್ತಿ ಬಂದಿದೆ ಎಂದು ಗೊತ್ತಾದಾಗ ಸೂಜಿ ಕೆಳಗಿಟ್ಟಳು. ಅವಳಿಗೆ ಭಯವಾಯಿತು.

ಮರುದಿನ ಆ ಸದ್ದು ತಡೆಯದೆ ಕಿಟಕಿ ತೆರೆದಳು. ಕೆಳಗೆ ಲಾಂಡ್ರಿಯ ಅಂಗಳ! ಅಗಲವಾಗಿ ತೆರೆದ ಬಾಗಿಲು, ಬಾಗಿಲಲ್ಲೇ ಶೀಟು ಮಡಿಸುವ ಮೇಜು, ಮೇಜಿನ ಮುಂದೆ ಯಾದಿರಾ. ಅವಳು ತಲೆ ಎತ್ತಿದಳು. ಓತಿಲಿಯಾಳನ್ನು ಕಂಡದ್ದೇ ಅವಳ ಕೈಗೆ ರೆಕ್ಕೆ ಬಂತು. ಮೀಸೆ, ಉಂಗುರ, ದಪ್ಪ ಹೆಂಗಸು, ಚರ್ಚು, ನಮ್ಮನ್ನೂ ಕರೆದಿದ್ದಾನೆ! ಮೂರು ಮಹಡಿಯ ಎತ್ತರದಿಂದ ಓತಿಲಿಯಾಗೆ ಒಂದೊಂದು ಮಾತೂ ಸ್ಪಷ್ಟವಾಗಿ ಅರ್ಥವಾಯಿತು. ಅವಳು ಯಾರದೋ ಗೌನನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ನಗುತ್ತಲೇ ಅವಳ ಕಣ್ಣು ಯಾದಿರಾಳ ಕೊರಳಿನ ಕಿತ್ತಳೆ ಸರದ ಮೇಲೆ ಬಿತ್ತು. ಅವಳ ಹಿಂದೆ ಯಂತ್ರಗಳು ಗಡಗಡ ನಡುಗುತ್ತಿದ್ದವು. ಓತಿಲಿಯಾ ತನ್ನ ಕೊರಳು ಮುಟ್ಟಿ ತೋರಿಸಿದಳು, ಆಮೇಲೆ ಎರಡು ಬೆರಳನ್ನು ಎರಡು ಕಿವಿಗೆ ಚುಚ್ಚಿದಳು. ಅಂಥದ್ದೊಂದು ಸನ್ನೆ ಅವರ ಭಾಷೆಯಲ್ಲಿ ಅದುವರೆಗೆ ಇರಲಿಲ್ಲ.

ಯಾದಿರಾ ಮುಖ ಸಿಂಡರಿಸಿದಳು. ಬಾಯಿ ತೋರಿಸಿ ಕೈ ಆಡಿಸಿದಳು: ಹಾಕ್ಕೊಂಡ್ರೆ ಮಾತಾಡೋದು ಹೇಗೆ?

ಓತಿಲಿಯಾ ಕಿಟಕಿಯ ಮೇಲೆ ಮೊಣಕೈ ಊರಿ ಅವಳನ್ನೇ ನೋಡುತ್ತ ಕಾದಳು. ಯಾದಿರಾ ಗಾಳಿಯಲ್ಲಿದ್ದ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಇಷ್ಟು ವರ್ಷ ಮಾತಾಡಿದ್ದು ಇದರಲ್ಲೇ ಅಲ್ಲವೇ, ಎಂದುಕೊಂಡಳೋ ಏನೋ, ಅವಳ ಮುಖ ಸಪ್ಪಗಾಯಿತು. ಸರ ಬಿಚ್ಚಿ ಬಿರಡೆಗಳನ್ನು ಒಂದೊಂದಾಗಿ ಕಿವಿಗೆ ಹಾಕಿಕೊಂಡಳು.

ಆಮೇಲೆ ತಲೆ ಎತ್ತಿ, ಮದುವೆಗೆ ಯಾವ ಬಟ್ಟೆ ಹಾಕ್ಕೋತೀಯಾ, ಎಂದು ಕೇಳಿದಳು.