ಹೆಲ್ಮೆಟ್ ತೆಗೆಸಿ ಫೇಟಾ

ಆಡುವ ಮೊದಲೇ ಸತ್ಕಾರ ಮಾಡಿಸಿಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ಶಾಲು ಈಗಲೂ ಅಂಗಡಿಯಲ್ಲಿದೆ. ಹೊಲಿಗೆ ಯಂತ್ರದ ಎಣ್ಣೆ ಒರೆಸಲು ಇಟ್ಟುಕೊಂಡಿದ್ದೇನೆ. ಯಾರಿಗಾದರೂ ಬೇಜಾರಾದರೆ ಆಗಲಿ.

ನಾನು ಮಾಯಕ್ಕ. ಹಿಂದವಾಡಿಯಲ್ಲಿ ಬ್ಲೌಸು, ಪರದೆ, ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ವಯಸ್ಸು ಐವತ್ತರ ಹತ್ತಿರ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ, ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಹುಸೇನಪೀರ ಹರಿದ ಬಟ್ಟೆಯ ಗಂಟೊಂದನ್ನು ಹೊತ್ತು ತಂದ. ಬಿಚ್ಚಿದರೆ ಅಂಗಡಿ ತುಂಬಿ ಹೊರಗಿನ ಕಟ್ಟೆಯವರೆಗೂ ಹರಡಿತು. ಪತಂಗವಂತೆ, ಅಂದರೆ ಗಾಳಿಪಟ! ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟಕ್ಕೆ ಪತಂಗದ ದಾರ ಕೊಕ್ಕೆ ಹಾಕಿಕೊಂಡು, ಅದು ಎಳೆದಂತೆ ನೀರಿನ ಮೇಲೆ ಜಾರುವ ಆಟ. ಕೈಟ್‌ಬೋರ್ಡಿಂಗ್ ಅನ್ನುತ್ತಾರೆ. ಆತ ಗೋವಾದಲ್ಲಿ ಕಲಿತು ಬಂದು, ಖಾನಾಪುರದ ಆಚೆಗಿನ ಜಲಾಶಯದಲ್ಲಿ ವರ್ಷಗಳಿಂದ ಆಡುತ್ತಿದ್ದ.

"ನನಗೂ ಕಲಸ್ರಿ" ಅಂದೆ. ನಗುತ್ತಾನೆ ಅಂದುಕೊಂಡಿದ್ದೆ. ಆತ ನಗಲಿಲ್ಲ.

"ಈಜಾಕ ಬರತೈತೇನ್ರಿ?" ಎಂದಷ್ಟೇ ಕೇಳಿದ. ಹುಟ್ಟಿದ್ದು ಮಲಪ್ರಭೆಯ ದಂಡೆಯಲ್ಲಿ, ಬಾರದೆ ಏನು?

ಹಾಗಂತ ನೀರಿಗೆ ಇಳಿಸಲಿಲ್ಲ. ಚಳಿಗಾಲವಿಡೀ ಪ್ರತಿ ಭಾನುವಾರ ದಂಡೆಯ ಮೇಲೆ ನಿಲ್ಲಿಸಿ, ಟವೆಲ್ಲಿನಷ್ಟು ಪುಟ್ಟ ಪತಂಗ ಕೈಗೆ ಕೊಟ್ಟು ಆಡಿಸಿದರು. ಕಲಿಸುವವರು ಇಬ್ಬರು. ಇನ್ನೊಬ್ಬಳು ಸಮೃದ್ಧಿ, ನೆಹರು ನಗರದಲ್ಲಿ ಫಿಜಿಯೋಥೆರಪಿ ಮಾಡುವ ಹುಡುಗಿ, ನೀರಿನ ಮೇಲೆ ಹುಸೇನಪೀರನಿಗಿಂತ ಚುರುಕು. ಆಮೇಲೆ ಹಲಗೆಯಿಲ್ಲದೆ ಹೊಟ್ಟೆಯ ಮೇಲೆ ನೀರಲ್ಲಿ ಎಳೆಸಿಕೊಳ್ಳುವುದನ್ನು ಕಲಿಸಿದರು. ಪತಂಗ ನೀರಿಗೆ ಬಿದ್ದರೆ ಅದನ್ನೇ ತಬ್ಬಿಕೊಂಡು ತೇಲಿ ದಡ ಸೇರುವುದನ್ನು ಕಲಿಸಿದರು. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಆ ಕೆಂಪು ಹಿಡಿಕೆ. ಹೊಟ್ಟೆಯ ಮುಂದಿರುವ ಅದನ್ನು ಆಚೆ ತಳ್ಳಿದರೆ ಸಾಕು, ಪತಂಗದ ಬಲವೆಲ್ಲ ಇಳಿದು ಕೆಳಗೆ ಬೀಳುತ್ತದೆ. ಚಹಾ ಕುಡಿಯುವಾಗಲೂ ಹುಸೇನಪೀರ ಇದ್ದಕ್ಕಿದ್ದಂತೆ "ತಳ್ರಿ!" ಎಂದು ಕೂಗುತ್ತಿದ್ದ, ನನ್ನ ಕೈ ಅಲ್ಲಿಗೆ ಹೋಗಲೇಬೇಕು. ಕೊನೆಕೊನೆಗೆ ಗಿರಾಕಿಗಳ ಅಳತೆ ತೆಗೆಯುವಾಗಲೂ ಹೋಗತೊಡಗಿತು.

ಆತನ ಕಟ್ಟಳೆಗಳು ನನಗೆ ಬಾಯಿಪಾಠ. ಹೆಲ್ಮೆಟ್ ಇಲ್ಲದೆ ಇಲ್ಲ. ನೀರಲ್ಲಿ ಸಮೃದ್ಧಿಯ ದೋಣಿ ಕಾಯದೆ ಇಲ್ಲ. ಮತ್ತೆ ಇದು: "ನೀವು ಕೈ ಎತ್ತೂತನಾ ನಾ ಪತಂಗ ಬಿಡಂಗಿಲ್ರಿ. ಮನಸಿಗೆ ಬರಲಿಲ್ಲಂದ್ರ ಒಲ್ಲೆ ಅನ್ರಿ. ಯಾಕ ಅಂತ ಯಾರೂ ಕೇಳಂಗಿಲ್ಲ."

ಮೇ ತಿಂಗಳಲ್ಲಿ ಕೊನೆಗೂ "ಈ ಐತವಾರ ಹಲಗಿ ಮ್ಯಾಲ ನಿಂದರೂಣು" ಅಂದ. ಅದೇ ಭಾನುವಾರ ಜಲಕ್ರೀಡೆ ಉತ್ಸವ ಸಮಿತಿಯವರು ದಂಡೆಯ ಮೇಲೆ ಪೆಂಡಾಲು ಹಾಕಿದರು. ಅಧ್ಯಕ್ಷ ಗುರುಪುತ್ರಪ್ಪ. ಜಲಾಶಯದಲ್ಲಿ ಆಡಲು ನಮಗೆ ಪರವಾನಗಿ ಸಿಗುವುದು ಅವರ ಸಮಿತಿಯ ಮೂಲಕ. ಹೀಗಾಗಿ ನನ್ನ ಮೊದಲ ಸವಾರಿಯೂ ಅವರ ಕಾರ್ಯಕ್ರಮದ ಪಟ್ಟಿಯಲ್ಲಿ ಸೇರಿಹೋಯಿತು.

ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಎಷ್ಟು ಚೆನ್ನಾಗಿ, ಎಷ್ಟು ಸಮನಾಗಿ ಬೀಸುತ್ತಿತ್ತೆಂದರೆ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಅಧ್ಯಕ್ಷರು ಬಂದಿಲ್ಲ. ಅವರು ಬರದೆ ಯಾರೂ ಏನೂ ಮಾಡುವಂತಿಲ್ಲ. ಮೂರಕ್ಕೆ ಬಂದರು. ದೀಪ ಹಚ್ಚಲು ಹೋದರೆ ಗಾಳಿಗೆ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. "ಏನ ಹಾಳ ಗಾಳಿರಿ ಇದು!" ಎಂದು ಗುರುಪುತ್ರಪ್ಪ ಮೈಕಿನಲ್ಲೇ ಬೈದರು. ಗಾಳಿಗಾಗಿಯೇ ಸೇರಿದ ಕಾರ್ಯಕ್ರಮದಲ್ಲಿ ಗಾಳಿಗೇ ಬೈಗುಳ! ಬಳಿಕ ಸ್ವಾಗತ, ಪ್ರಾಸ್ತಾವಿಕ, ಭಾಷಣ, ಭಾಷಣಕ್ಕೆ ವಂದನೆ. ಲೈಫ್ ಜಾಕೆಟ್ಟಿನೊಳಗೆ ನಾನು ಬೆಂದುಹೋದೆ. ನನ್ನ ಆರು ತಿಂಗಳ ಗಾಳಿಯನ್ನು ಈ ಜನ ಕುರ್ಚಿಯಲ್ಲಿ ಕುಳಿತು ಖರ್ಚು ಮಾಡುತ್ತಿದ್ದರು.

ಸಾಲದ್ದಕ್ಕೆ ಗುರುಪುತ್ರಪ್ಪನ ಮನೆಯವರಿಗೆ ನೀರಿನ ಮೇಲೆ ಸುತ್ತುವ ಆಸೆಯಾಯಿತು. ನನ್ನನ್ನು ಕಾಯಬೇಕಾದ ದೋಣಿಯಲ್ಲಿ ಅವರನ್ನು ಕೂರಿಸಿಕೊಂಡು ಸಮೃದ್ಧಿ ಹೊರಟಳು. ಹೋಗುವಾಗ ತಿರುಗಿ ತಿರುಗಿ ನನ್ನನ್ನೇ ನೋಡಿದಳು.

ಅಷ್ಟರಲ್ಲಿ ಮೂಡಣದಲ್ಲಿ ಮೋಡ ಕಪ್ಪಗೆ ಎದ್ದಿತು. ಪಡುವಣ ಗಾಳಿ ಒಮ್ಮೆ ಬಿತ್ತು, ಒಮ್ಮೆ ನೂಕಿತು. ಮಳೆಯ ಮುಂಚೆ ಗಾಳಿ ಹೀಗೆ ತಡವರಿಸಿದರೆ ದಿಕ್ಕು ಬದಲಿಸಿ ಅಪ್ಪಳಿಸಬಹುದು, ಅಂಥ ಹೊತ್ತಲ್ಲಿ ಪತಂಗದ ಮಡಿಕೆಯನ್ನೂ ಬಿಚ್ಚಬಾರದು ಎಂದು ನನಗೆ ಹೇಳಿಕೊಟ್ಟವನೇ ಹುಸೇನಪೀರ. ಆತನ ಕಡೆ ನೋಡಿದೆ. ಆತ ಮೋಡ ನೋಡುತ್ತಿರಲಿಲ್ಲ, ಗುರುಪುತ್ರಪ್ಪನ ಮುಖ ನೋಡುತ್ತಿದ್ದ.

ಆಗ ಸತ್ಕಾರ. ಲೈಫ್ ಜಾಕೆಟ್ ಮೇಲೆ ಶಾಲು ಹೊದಿಸಿದರು. ಹೆಲ್ಮೆಟ್ ತೆಗೆಸಿ ಗುಲಾಬಿ ಫೇಟಾ ಸುತ್ತಿದರು.

"ಹೆಲ್ಮೆಟ್ ಕೊಡ್ರಿ ಇತ್ಲಾಗ" ಅಂದೆ.

"ಇರಲಿ ಬಿಡ್ರಿ ಅಕ್ಕಾರ, ಫೇಟಾ ಶೋಭಾ ಕೊಡತೈತಿ" ಎಂದು ಗುರುಪುತ್ರಪ್ಪ ನಕ್ಕರು. "ಪತಂಗ ಹಿಡಕೊಂಡು ಒಂದ ಫೋಟೋ ಆಗಲಿ."

"ಇವತ್ತ ನಾ ಒಲ್ಲೆ. ಮೋಡ ನೋಡ್ರಿ, ದೋಣಿನೂ ಇಲ್ಲ."

"ಫೋಟೋಕ್ಕ ಅಷ್ಟ ನಿಂದರ್ರಿ ಮಾಯಕ್ಕಾ" ಅಂದ ಹುಸೇನಪೀರ. ಆತ ಹೇಳಿದ್ದಕ್ಕೆ ಒಪ್ಪಿದೆ. ಬೇರೆ ಯಾರು ಹೇಳಿದ್ದರೂ ಒಪ್ಪುತ್ತಿರಲಿಲ್ಲ. ದಾರದ ಕೊಕ್ಕೆ ಸಿಕ್ಕಿಸಿಕೊಂಡು ನಿಂತೆ. ದೂರದಲ್ಲಿ, ದಾರದ ಆಚೆ ತುದಿಗೆ, ಆತ ಪತಂಗ ಎತ್ತಿ ಹಿಡಿದ. ನನ್ನ ಎರಡೂ ಕೈ ಕೆಳಗೇ ಇದ್ದವು. ಇದನ್ನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ.

"ಹೂಂ, ಬಿಡ್ರಿ ಇನ್ನ!" ಎಂದು ಮೈಕು ಕೂಗಿತು. ಹುಸೇನಪೀರ ಬಿಟ್ಟ.

ಪತಂಗ ಸರ್ರನೆ ಎದ್ದಿತು. ಯಾರೋ ಸೊಂಟಕ್ಕೆ ಎತ್ತಿನ ಗಾಡಿ ಕಟ್ಟಿ ಓಡಿಸಿದಂತಾಯಿತು. ಮುಖ ಅಡಿಯಾಗಿ ಬಿದ್ದು ಕೆಸರಲ್ಲಿ ಜಾರಿದೆ, ಫೇಟಾ ಉರುಳಿಹೋಯಿತು, ಒಂದು ಕಲ್ಲು ಕಿವಿಗೆ ತಾಗಿಯೇ ಸರಿಯಿತು. ನಾನೇನೂ ಯೋಚಿಸಲಿಲ್ಲ. ಕೈ ತಾನಾಗಿ ಹೋಗಿ ಕೆಂಪು ಹಿಡಿಕೆ ತಳ್ಳಿತು. ಪತಂಗ ಸೋತು ಜಾಲಿ ಕಂಟಿಯ ಮೇಲೆ ಬಿದ್ದು ಹರಿಯಿತು.

ಜನ ಚಪ್ಪಾಳೆ ತಟ್ಟಿದರು! ಆಟವೇ ಹೀಗೆ ಅಂದುಕೊಂಡರೋ ಏನೋ. "ಅಕ್ಕಾರು ಸ್ವಲ್ಪ ಅಂಜಿದ್ರು, ಇರಲಿ" ಎಂದು ಗುರುಪುತ್ರಪ್ಪ ಮೈಕಿನಲ್ಲಿ ಸಮಾಧಾನ ಹೇಳಿದರು. ನಾನು ಅಂಜಿದ್ದೆನೇ? ಬಾಯಿ ತುಂಬ ಕೆಸರಿತ್ತು, ಇಲ್ಲದಿದ್ದರೆ ಅಲ್ಲೇ ಹೇಳುತ್ತಿದ್ದೆ. ಆ ಹಾಳು ಮೋಡವೂ ಮಾನ ಕಳೆಯಿತು. ಒಂದು ಹನಿಯನ್ನೂ ಉದುರಿಸದೆ ಧಾರವಾಡದ ಕಡೆ ಹೋಯಿತು.

ವಾರವಿಡೀ ಗಿರಾಕಿಗಳದು ಒಂದೇ ಪ್ರಶ್ನೆ: "ಮಾಯಕ್ಕಾ, ಅಂಜಿ ಬಿಟ್ಟಕೊಟ್ಟಿ ಅಂತಲ್ಲಾ?" ನಾನು ಹಲ್ಲು ಕಚ್ಚಿಕೊಂಡು ಹರಿದ ಪತಂಗ ಹೊಲಿಯುತ್ತಿದ್ದೆ. ಕೆಡವಿದ್ದು ನಾನು, ಹೊಲಿಯುವವಳೂ ನಾನೇ.

ಶುಕ್ರವಾರ ಹುಸೇನಪೀರ ಬಂದ. ಬಾಗಿಲಲ್ಲಿ ನಿಂತ. ನಾನು ಕುಂದರ್ರಿ ಅನ್ನಲಿಲ್ಲ.

"ತಪ್ಪ ನಂದ ಐತ್ರಿ" ಅಂದ. "ಪರವಾನಗಿ ಹೋಗತೈತಿ ಅಂತ ಅಂಜಿದ್ನಿ."

"ನನ್ನ ಜೀವಾ ಹೋಗತೈತಿ ಅಂತ ಅಂಜಿಕಿ ಬರಲಿಲ್ಲೇನು? ಒಲ್ಲೆ ಅನ್ನಾಕ ನನಗ ಕಲಸಿದ್ರಿ. ನೀವ್ಯಾವಾಗ ಕಲಿಯಾವ್ರು?"

ಉತ್ತರಕ್ಕೆ ಕಾಯದೆ ಹೊಲಿದ ಪತಂಗ ಮಡಚಿ ಆತನ ಕೈಗಿಟ್ಟೆ. "ಐತವಾರ ಬರತೇನಿ. ಕಲಿಯೂದು ಬಿಟ್ಟಿಲ್ಲ ನಾ" ಅಂದೆ.

ಭಾನುವಾರ ಪೆಂಡಾಲಿನ ಗೂಟದ ಕುಳಿಗಳು ಮಾತ್ರ ಉಳಿದಿದ್ದವು. ಈ ತಿಂಗಳ ಪರವಾನಗಿ ಇನ್ನೂ ಇತ್ತು, ಮುಂದಿನದು ಗುರುಪುತ್ರಪ್ಪನ ಮರ್ಜಿ. ಗಾಳಿ ಸಮನಾಗಿತ್ತು, ಆಕಾಶ ತೊಳೆದಂತಿತ್ತು. ತಲೆಯ ಮೇಲೆ ಹೆಲ್ಮೆಟ್, ನೀರಲ್ಲಿ ಸಮೃದ್ಧಿಯ ದೋಣಿ, ಅದರಲ್ಲಿ ಅವಳೊಬ್ಬಳೇ. ಮೊಣಕಾಲುದ್ದ ನೀರಲ್ಲಿ ನಿಂತು ದಾರ ಸಿಕ್ಕಿಸಿಕೊಂಡೆ. ಹುಸೇನಪೀರ ಆಚೆ ಪತಂಗ ಎತ್ತಿ ಹಿಡಿದು, "ಬಿಡ್ಲ್ಯಾ?" ಎಂದು ಕೂಗಿದ.

"ನಿಂದರ್ರಿ!" ಅಂದೆ.

ಮೂಡಣ ನೋಡಿದೆ. ಪಡುವಣ ನೋಡಿದೆ. ದೋಣಿ ನೋಡಿದೆ. ಎಲ್ಲ ಸರಿಯಾಗಿತ್ತು, ಆದರೂ ಕೈ ಎತ್ತಲಿಲ್ಲ. ಆತ ಇನ್ನಷ್ಟು ಹೊತ್ತು ನಿಲ್ಲಲಿ ಅನ್ನಿಸಿತು. ಅಷ್ಟು ದೊಡ್ಡ ಪತಂಗವನ್ನು ಗಾಳಿಗೆ ಹಿಡಿದು ನಿಲ್ಲುವುದು ಸುಮ್ಮನೆ ಮಾತಲ್ಲ. ಆತನ ತೋಳು ನಡುಗುತ್ತಿದ್ದುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ರಸ್ತೆಯ ಮೇಲೆ ಗಾಡಿ ನಿಲ್ಲಿಸಿದ ಯಾರೋ "ಬಿಡ್ರಿ, ಬಿಡ್ರಿ!" ಎಂದು ಹುರುಪಿನಿಂದ ಕೂಗಿದರು.

ಹುಸೇನಪೀರ ಅತ್ತ ತಿರುಗಿಯೂ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತ ನಿಂತಿದ್ದ. ಎರಡನೇ ಸಲ ಕೇಳಲೂ ಇಲ್ಲ.

ಆಗ ಕೈ ಎತ್ತಿದೆ.